ಸ್ಪಷ್ಟನೆ: 3,000 ರೂ. ಕೊಟ್ಟರೆ ಟೆಂಡರ್ ಸಿಗುವುದಿಲ್ಲ

'3,000 ರೂ. ಕೊಟ್ಟು ಉದ್ಯಮ್ ಸರ್ಟಿಫಿಕೇಟ್ ಮಾಡಿಸಿ, ಎಸ್‌ಸಿ-ಎಸ್‌ಟಿಯವರಿಗೆ ಟೆಂಡರ್ ಇಲ್ಲದೆ ಸರ್ಕಾರಿ ಕೆಲಸ' ಎಂಬ ಸಂದೇಶ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ದಯವಿಟ್ಟು ಯಾರೂ ದುಡ್ಡು ಕೊಡಬೇಡಿ.

ಉದ್ಯಮ್ ಎಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ. ಇದಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಆಧಾರ್, ಪ್ಯಾನ್, ಒಟಿಪಿ ಬರುವ ಮೊಬೈಲ್ ಇದ್ದರೆ ನೀವೇ ಮಾಡಿಕೊಳ್ಳಬಹುದು.

ಟೆಂಡರ್ ಹಾಕಲೇಬೇಕು. ಕೇಂದ್ರದ 2012ರ ಖರೀದಿ ನೀತಿಯಂತೆ ಕೇಂದ್ರ ಇಲಾಖೆಗಳು, ಮೈಸೂರಿನ ಬೆಮೆಲ್‌ನಂಥ ಕೇಂದ್ರೋದ್ಯಮಗಳು ವಾರ್ಷಿಕ ಖರೀದಿಯ 25% ಅನ್ನು ಕಿರು, ಸಣ್ಣ ಉದ್ಯಮಗಳಿಂದ ಮಾಡಬೇಕು. ಆ 25ರೊಳಗೇ ಒಟ್ಟು ಖರೀದಿಯ 4% ಎಸ್‌ಸಿ-ಎಸ್‌ಟಿ, 3% ಮಹಿಳಾ ಒಡೆತನದವರಿಗೆ. ಇಂಥ ಉದ್ಯಮಗಳಿಗೆ ಟೆಂಡರ್ ಫಾರಂ ಉಚಿತ, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಬೇಕಿಲ್ಲ. ಅತಿ ಕಡಿಮೆ ದರ ಹಾಕಿದವರು ಕಿರು, ಸಣ್ಣ ಉದ್ಯಮವಲ್ಲದಿದ್ದು, ನಿಮ್ಮ ದರ ಅದಕ್ಕಿಂತ 15% ಒಳಗೆ ಹೆಚ್ಚಿದ್ದರೆ, ಅವರ ದರಕ್ಕೆ ಇಳಿದು ಒಂದು ಪಾಲು ಪೂರೈಸುವ ಅವಕಾಶವಿದೆ.

ನಿಜವಾಗಿ ಎಡವುವುದು ಫಾರಂನಲ್ಲಿ. ಯೂನಿಫಾರಂ ಹೊಲಿಯುವ ಘಟಕಕ್ಕೆ ಏಜೆಂಟರು ಬಟ್ಟೆ ವ್ಯಾಪಾರದ ಎನ್‌ಐಸಿ ಕೋಡ್ (ಉದ್ಯಮ ಯಾವ ಬಗೆಯದು ಎಂದು ತೋರಿಸುವ ಸಂಖ್ಯೆ) ಹಾಕಿಬಿಡುತ್ತಾರೆ. ವ್ಯಾಪಾರಕ್ಕೆ ಈ ನೀತಿಯ ಲಾಭವೇ ಇಲ್ಲ, ಬಿಡ್ ತಿರಸ್ಕೃತವಾಗಬಹುದು. ಇನ್ನು ಕೆಲವರದ್ದರಲ್ಲಿ ಸಾಮಾಜಿಕ ವರ್ಗ 'ಸಾಮಾನ್ಯ' ಎಂದೇ ಉಳಿದಿರುತ್ತದೆ. ಎರಡನ್ನೂ ಉದ್ಯಮ್ ಪೋರ್ಟಲ್‌ನಲ್ಲೇ ಒಟಿಪಿ ಹಾಕಿ, ಬಿಟ್ಟಿಯಾಗಿ ತಿದ್ದಬಹುದು. ಪಾಲುದಾರಿಕೆಯಾದರೆ ಎಸ್‌ಸಿ-ಎಸ್‌ಟಿಯವರ ಪಾಲು ಕನಿಷ್ಠ 51% ಇರಬೇಕು. ನಾಡಕಚೇರಿಯ ಜಾತಿ ಪ್ರಮಾಣಪತ್ರದ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಹಿಂದುಮುಂದಾದರೂ ತಕರಾರು ಬರುತ್ತದೆ.

ಪಂಚಾಯಿತಿ ರಸ್ತೆ, ಚರಂಡಿ ಕಾಮಗಾರಿಗಳಿಗೆ ಈ ನೀತಿ ಅನ್ವಯಿಸದು. ಅಲ್ಲಿ ರಾಜ್ಯದ ಕೆಟಿಪಿಪಿ ಕಾಯ್ದೆಯ (ರಾಜ್ಯ ಸರ್ಕಾರದ ಖರೀದಿ, ಟೆಂಡರ್‌ಗಳ ಕಾಯ್ದೆ) ಮೀಸಲಾತಿಯೇ ಬೇರೆ.