ಬಡಿಸುವವರು ರೆಡಿ, ತಟ್ಟೆಯೇ ತಿರುಗದು

ಬ್ಯಾಂಡ್-ಮೇಡ್ ಟೋಕಿಯೋದ ಐವರು ಹುಡುಗಿಯರ ರಾಕ್ ತಂಡ. ಏಪ್ರನ್ ಕಟ್ಟಿದ ಕೆಲಸದಾಕೆಯರ ವೇಷ, ಕೈಯಲ್ಲಿ ಹಾರ್ಡ್ ರಾಕ್. ತಂಡ ಕಟ್ಟಿದ ಮಿಕು ಕೊಬಾತೊ ಮೊದಲು ಮೇಡ್ ಕೆಫೆಯಲ್ಲಿ, ಅಂದರೆ ಕೆಲಸದಾಕೆಯ ವೇಷದಲ್ಲೇ ಬಡಿಸುವ ಹೋಟೆಲಿನಲ್ಲಿ, ಕೆಲಸಕ್ಕಿದ್ದವರು. ಹಾಗಾಗಿ ಇವರ ಸಂಗೀತ ಕಛೇರಿಯನ್ನು ಕಛೇರಿ ಎನ್ನುವಂತಿಲ್ಲ, ‘ಒಕ್ಯೂಜಿ’ ಎನ್ನಬೇಕು. ಅಂದರೆ ಬಡಿಸುವುದು. ಕೇಳುಗರಲ್ಲಿ ಗಂಡಸರು ಯಜಮಾನರು, ಹೆಂಗಸರು ರಾಜಕುಮಾರಿಯರು. ನಾಲ್ವರು ಬಡಿಸುತ್ತಾರೆ, ಡ್ರಮ್ಮಿನ ಅಕಾನೆ ಬಡಿಯುತ್ತಾರೆ.

2013ರಲ್ಲಿ ಹುಟ್ಟಿದ ತಂಡದ ಮೊದಲ ಲೈವ್ ವಿಡಿಯೋ ಬಂದದ್ದು 2020ರಲ್ಲಿ. ಚಿತ್ರೀಕರಣ ಶಿಬುಯಾದ ಲೈನ್ ಕ್ಯೂಬ್ ಸಭಾಂಗಣದಲ್ಲಿ. ಅಲ್ಲಿ ಮೊದಲಿದ್ದ ಹಳೆಯ ಸಭಾಭವನದಲ್ಲಿ 1964ರ ಒಲಿಂಪಿಕ್ಸಿನ ಭಾರ ಎತ್ತುವ ಸ್ಪರ್ಧೆ ನಡೆದಿತ್ತು. ಆ ಭಾರ ಈಗ ಜಪಾನಿನಿಂದ ಭಾರತಕ್ಕೆ ಆ ವಿಡಿಯೋದ ಡಿಸ್ಕ್ ತರಿಸಿಕೊಂಡ ಯಜಮಾನನ ತಲೆ ಮೇಲೆ.

ಪೆಟ್ಟಿಗೆ ಬಂತು ಅನ್ನಿ. ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿಯ ಹೆಸರು ‘ಒಬಿ’, ಕಿಮೊನೋದ ನಡುಕಟ್ಟು. ಪ್ಯಾಕಿಂಗ್ ಎಂದುಕೊಂಡು ಹರಿದರೆ ಮುಂದೆ ಮಾರುವಾಗ ಬೆಲೆಯೂ ಹರಿಯುತ್ತದೆ. ಕತ್ತರಿ ದೂರವಿಡಿ, ಮೆಲ್ಲಗೆ ಜಾರಿಸಿ.

ಈಗ ಪೆಟ್ಟಿಗೆಯ ಹಿಂಬದಿ ಓದಿ. ಡಿಸ್ಕಿಗೂ ಪ್ಲೇಯರಿಗೂ ‘ರೀಜನ್’ ಎಂಬ ವಲಯದ ಬೀಗವಿದೆ, ಎರಡೂ ಹೊಂದದಿದ್ದರೆ ತಟ್ಟೆ ತಿರುಗದು. ಭೂಗೋಳದ ಚಿತ್ರದೊಳಗೆ 2 ಇದ್ದರೆ ಅದು ಜಪಾನ್ ಸೇರಿದ ವಲಯದ ಡಿವಿಡಿ. ಭಾರತದ ಪ್ಲೇಯರಿನ ಸಂಖ್ಯೆ 5. ಬ್ಲೂ-ರೇ ಆದರೆ ಅವರದು ‘ಎ’, ನಮ್ಮದು ‘ಸಿ’. ಬೀಗವೇ ಹಾಕದ ಬ್ಲೂ-ರೇಗಳೂ ಉಂಟು, ಆದರೆ ಅದು ಪುಣ್ಯದ ಮಾತು. ಲ್ಯಾಪ್‌ಟಾಪಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಐದೇ ಸಲ. ‘ಒಂದು ಸಲ ಹಾಕಿ ನೋಡ್ತೀನಿ’ ಎಂದು ಮನೆಮಂದಿಯೆಲ್ಲ ತಿರುವಿದರೆ ಐದನೆಯದಕ್ಕೆ ಡ್ರೈವು ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಯಾವ ದೇವರಿಗೂ ಬಗ್ಗದು. ಬ್ಲೂ-ರೇ ತಟ್ಟೆಯನ್ನು ಡಿವಿಡಿ ಡ್ರೈವಿಗೆ ತುರುಕುವ ಸಾಹಸಿಗರಿಗೆ: ಡಿವಿಡಿಯದು 650 ನ್ಯಾನೊಮೀಟರಿನ ಕೆಂಪು ಲೇಸರ್, ಬ್ಲೂ-ರೇಯದು 405ರ ನೇರಳೆ. ಎಷ್ಟು ಒರೆಸಿದರೂ ಓದದು.

ಚಿತ್ರ ಬಂತು, ಸದ್ದಿಲ್ಲ. ಐವರೂ ಮೂಕಾಭಿನಯ ಮಾಡುತ್ತಿದ್ದಾರೆ. ಪ್ಲೇಯರು ಬಿಟ್‌ಸ್ಟ್ರೀಮ್ (ಬಿಚ್ಚದ ಸದ್ದಿನ ಗಂಟು) ಕಳಿಸುತ್ತಿರಬೇಕು, ಡಿಟಿಎಸ್ ಎಂಬ ಆ ಭಾಷೆ ಟಿವಿಗೆ ಬಾರದು. ಆಡಿಯೋ ಸೆಟ್ಟಿಂಗಿನಲ್ಲಿ ಪಿಸಿಎಂ (ಬಿಚ್ಚಿದ ಸದ್ದು) ಆರಿಸಿ. ಅನುವಾದದ ಕೆಲಸ ಪ್ಲೇಯರೇ ಮಾಡುತ್ತದೆ.

ಸದ್ದೂ ಬಂತು, ತಾಳವಿಲ್ಲ. ಕೋಲು ಡ್ರಮ್ಮಿಗೆ ತಾಗುವ ಮೊದಲೇ ಏಟು ಕೇಳಿದರೆ, ಟಿವಿ ಚಿತ್ರಕ್ಕೆ ಪೌಡರು ಬಳಿಯುತ್ತ ತಡಮಾಡುತ್ತಿದೆ ಎಂದರ್ಥ. ಸದ್ದನ್ನು ತಡಮಾಡಿಸುವ ಆಡಿಯೋ ಡಿಲೇ ಸೆಟ್ಟಿಂಗನ್ನು ಹತ್ತತ್ತು ಮಿಲಿಸೆಕೆಂಡ್ ಏರಿಸುತ್ತ ಹೋಗಿ, ಕೋಲೂ ಏಟೂ ಒಟ್ಟಿಗೆ ಬೀಳುವ ತನಕ. ಏಟು ಆಮೇಲೆ ಕೇಳಿದರೆ ತಪ್ಪು ಬಹುತೇಕ ಬ್ಲೂಟೂತ್ ಹೆಡ್‌ಫೋನಿನದು. ನಿಮಿಷಕ್ಕೆ 180 ಬೀಟಿನ ಹಾಡಿನಲ್ಲಿ ಒಂದು ಬೀಟಿಗೆ 333 ಮಿಲಿಸೆಕೆಂಡ್. ಹೆಡ್‌ಫೋನು 160ರಷ್ಟು ಹಿಂದೆ ಬಿದ್ದರೆ ಅರ್ಧ ಬೀಟೇ ಮಾಯ. ಇಲ್ಲಿ ಡಿಲೇ ಏರಿಸಿದರೆ ಗಾಯಕ್ಕೆ ಉಪ್ಪು. ವೈರು ಸಿಕ್ಕಿಸಿ.

ಹಾಡಿನ ನಡುವೆ ಮಿಕು ಮಾತಿಗೆ ನಿಲ್ಲುತ್ತಾರೆ. ಜಪಾನಿನ ಇಂಥ ಡಿಸ್ಕುಗಳಲ್ಲಿ ಸಬ್‌ಟೈಟಲ್ ಇರುವುದು ಅಪರೂಪ. ವಾಕ್ಯದ ಕೊನೆಗೆಲ್ಲ ‘ಪ್ಪೊ’ ಎನ್ನುವುದನ್ನು ನಿಘಂಟಿನಲ್ಲಿ ಹುಡುಕಬೇಡಿ. ಕೊಬಾತೊ ಎಂದರೆ ಪುಟ್ಟ ಪಾರಿವಾಳ, ಅದು ಅದರ ಗುಟುರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೋಡುವವರು ವಾಲ್ಯೂಮ್ ಮುಟ್ಟುವ ಮುನ್ನ ಒಮ್ಮೆ ಬಾಲ್ಕನಿಯ ಬಾಗಿಲು ಹಾಕಿಕೊಳ್ಳಿ.