ಕೈಗೆಟುಕದ್ದನ್ನು ಹೇಳುವ ಬಗೆ

ಸಿಂಗಪುರದಲ್ಲಿ ನೆಲೆಸಿರುವ ನಾನು ಭಾನುವಾರಗಳಂದು ಚೀನಾದಿಂದ ಬಂದ ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿ ಕಾರು ಇಟ್ಟುಕೊಳ್ಳಬೇಕಾದರೆ 10 ವರ್ಷಗಳ ಹಕ್ಕುಪತ್ರವೊಂದನ್ನು ಹರಾಜಿನಲ್ಲಿ ಪಡೆಯಬೇಕೆಂಬ ನಿಯಮ 1990ರಿಂದ ಇದೆ. 2023ರ ಅಕ್ಟೋಬರ್‌ನಲ್ಲಿ ಸಣ್ಣ ಕಾರಿನ ಹಕ್ಕುಪತ್ರಕ್ಕೇ 1 ಲಕ್ಷ ಸಿಂಗಪುರ ಡಾಲರಿಗೂ ಹೆಚ್ಚು ತೆರಬೇಕಾಗಿತ್ತು. ಕಾರಿನ ಬೆಲೆ ಬೇರೆ. ಈ ಮಾತು ಬಂದಾಗ ನನ್ನ ವಿದ್ಯಾರ್ಥಿಗಳು ‘ಐ ಕಾಂಟ್ ಬೈ ಎ ಕಾರ್’ ಎನ್ನುತ್ತಾರೆ. ಕಾನೂನು ಅಡ್ಡಬಂದಿದೆಯೋ, ಹಣ ಸಾಲದೋ, ಕೇಳಿದವರಿಗೆ ತಿಳಿಯುವುದಿಲ್ಲ.

ಅವರ ನುಡಿಯಲ್ಲಿ ಈ ಗೊಂದಲವೇ ಇಲ್ಲ. ‘ಮಾಯ್ ಬು ಛಿ’ ಎಂದರೆ ಕೊಳ್ಳುವಷ್ಟು ಹಣದ ಶಕ್ತಿಯಿಲ್ಲ ಎಂದೇ ಅರ್ಥ. ಇಲ್ಲಿ ‘ಮಾಯ್’ ಎಂದರೆ ಕೊಳ್ಳು, ‘ಬು’ ಎಂದರೆ ಇಲ್ಲ, ‘ಛಿ’ ಎಂಬುದು ಮೇಲೇಳುವುದನ್ನು ಸೂಚಿಸುವ ಪದ. ಕ್ರಿಯಾಪದವನ್ನು ಬದಲಿಸಿ ‘ಜು ಬು ಛಿ’ ಎಂದರೆ ಆ ಮನೆಯಲ್ಲಿ ವಾಸಿಸುವಷ್ಟು ಶಕ್ತಿಯಿಲ್ಲ ಎಂದಾಗುತ್ತದೆ. ಕ್ಷಮೆ ಕೇಳುವ ‘ದ್ವೇ ಬು ಛಿ’ ಕೂಡ ಇದೇ ಅಚ್ಚಿನದು ಎಂದು ತಿಳಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಕನ್ನಡದಲ್ಲಿ ಈ ಕೆಲಸವನ್ನು ಕೈ ಮಾಡುತ್ತದೆ: ಕೈಗೆಟುಕದು, ನನ್ನ ಕೈಲಾಗದು. ದುಬಾರಿ, ತುಟ್ಟಿ ಎಂಬುವು ವಸ್ತುವಿನ ಮಾತುಗಳು. ಕೈಗೆಟುಕದು ಎಂಬುದು ಕೊಳ್ಳುವವನ ಮಾತು.

ಇಂಗ್ಲಿಷಿನಲ್ಲೂ ಈ ಭೇದವಿದೆ, ಆದರೆ ಕಲಿಸುವವರು ಅದನ್ನು ಮರೆಸುತ್ತಾರೆ ಎಂಬುದೇ ನನ್ನ ತಕರಾರು. ಎಕ್ಸ್‌ಪೆನ್ಸಿವ್, ಕಾಸ್ಟ್ಲಿ, ಪ್ರೈಸಿ, ಎಕ್ಸಾರ್ಬಿಟೆಂಟ್ ಎಂದು ವಸ್ತುವಿನ ಗುಣವಾಚಕಗಳನ್ನೇ ಸಾಲಾಗಿ ಬಾಯಿಪಾಠ ಮಾಡಿಸಿದರೆ, ಕಲಿಯುವವರು ‘ದಿ ಪ್ರೈಸ್ ಈಸ್ ಎಕ್ಸ್‌ಪೆನ್ಸಿವ್’ ಎನ್ನುತ್ತಾರೆ. ವಸ್ತು ಎಕ್ಸ್‌ಪೆನ್ಸಿವ್ ಆಗಬಹುದು, ಬೆಲೆ ಮಾತ್ರ ‘ಹೈ’ ಆಗಬೇಕು ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ನಮ್ಮವರೂ ‘ರೇಟ್ ತುಂಬ ಕಾಸ್ಟ್ಲಿ’ ಎನ್ನುವುದರಿಂದ ಈ ತಪ್ಪು ನನಗೆ ಹೊಸದಲ್ಲ. ‘ಮಾಯ್ ಬು ಛಿ’ಗೆ ಸರಿಸಾಟಿಯಾದ ‘ಅಫೋರ್ಡ್’ ಪಟ್ಟಿಯ ಕೊನೆಯಲ್ಲೆಲ್ಲೋ ಉಳಿದುಬಿಡುತ್ತದೆ. ಅದನ್ನು ಮೊದಲ ದಿನವೇ, ‘ಕ್ಯಾನ್’ ಅಥವಾ ‘ಕಾಂಟ್’ ಜೊತೆಗೂಡಿಸಿಯೇ ಕಲಿಸಬೇಕು, ಏಕೆಂದರೆ ಈ ಅರ್ಥದಲ್ಲಿ ಅದು ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ.

ಅದರ ಬೆನ್ನಿಗೇ ಮರ್ಯಾದೆ ಕಾಯುವ ಮಾತೂ ಬೇಕು. ನಾವು ಅಂಗಡಿಯಲ್ಲಿ ‘ಸ್ವಲ್ಪ ಹೆಚ್ಚಾಯಿತು’ ಎಂದು ಹಿಂದೆ ಸರಿಯುವಂತೆ, ಇಂಗ್ಲಿಷಿನವರು ‘ಎ ಬಿಟ್ ಔಟ್ ಆಫ್ ಮೈ ಬಜೆಟ್’ ಎನ್ನುತ್ತಾರೆ. ಕಳೆದ ವಾರ ತಾಯಿಯೊಬ್ಬರು ಮಗನ ಟ್ಯೂಷನ್ ಶುಲ್ಕದ ಬಗ್ಗೆ ಮಾತನಾಡಲು ಹೊರಡುವ ಮುನ್ನ ಈ ಒಂದು ವಾಕ್ಯವನ್ನು ನನ್ನೆದುರು ಐದಾರು ಸಲ ಹೇಳಿ ನೋಡಿಕೊಂಡು ಹೋದರು.