ಜಟಕಾ ಜಾರಿಸುವ ಶಾಸ್ತ್ರ

ಕಾರನ್ನು ಅಡ್ಡಡ್ಡ ಜಾರಿಸುವುದೇ ಪರಮ ಪುರುಷಾರ್ಥವೆಂದು ನಂಬಿರುವ ಮೈಸೂರಿನ ತರುಣರ ನಡುವೆ ಈಗ ಕಾರಿನ ಬದಲು ಟಾಂಗಾವನ್ನೇ, ಅಂದರೆ ಕುದುರೆ ಎಳೆಯುವ ಜಟಕಾವನ್ನೇ, ಜಾರಿಸುವ ಮಾತು ಎದ್ದಿದೆ. ತಮಾಷೆಗೆ ಶುರುವಾದದ್ದಾದರೂ ಅವರ ವಾದದಲ್ಲಿ ಹುರುಳಿದೆ. ರಿಂಗ್ ರಸ್ತೆಯಲ್ಲಿ ಕಾರು ಗಿರಗಿರ ತಿರುಗಿಸಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಟಾಂಗಾಕ್ಕೆ ಆರ್‌ಟಿಓ ಕೊಟ್ಟ ಪ್ಲೇಟೇ ಇಲ್ಲ. ಮೋಟಾರು ವಾಹನ ಕಾಯ್ದೆ ಯಂತ್ರಬಲದಿಂದ ಓಡುವುದನ್ನು ಮಾತ್ರ ಮೋಟಾರು ವಾಹನ ಅನ್ನುತ್ತದೆ, ಹಾಗಾಗಿ ಆರ್‌ಸಿ ಬೇಡ, ಹೊಗೆ ತಪಾಸಣೆ ಬೇಡ, ಫಾಸ್ಟ್‌ಟ್ಯಾಗ್ ಬೇಡ. ಸೈಲೆನ್ಸರ್ ಬಿಚ್ಚಿಸುವ ಖರ್ಚೂ ಉಳಿಯಿತು. ಕುದುರೆಗೆ ಅದು ಹುಟ್ಟಿನಿಂದಲೇ ಬಿಚ್ಚಿಕೊಂಡಿದೆ. ಇಷ್ಟು ಸೌಕರ್ಯ ಕಂಡುಕೊಂಡವರಿಗೆ ತಾಂತ್ರಿಕ ಸಲಹೆ ಕೊಡದಿದ್ದರೆ ಹೇಗೆ?

ಮೊದಲು ಎಳೆತದ ವಿಚಾರ. ಡ್ರಿಫ್ಟ್ ಅಂದರೆ ಜಪಾನಿನ ಘಟ್ಟದ ತಿರುವುಗಳಲ್ಲಿ ಬೆಳೆದ ವಿದ್ಯೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗಬೇಕು, ಆ ಚಕ್ರ ಹಿಡಿತ ಬಿಟ್ಟು ಗಾಡಿಯ ಹಿಂಭಾಗ ಹೊರಕ್ಕೆ ಸರಿಯಬೇಕು, ಆಗ ಸ್ಟೇರಿಂಗನ್ನು ತಿರುವಿಗೆ ವಿರುದ್ಧ ಹಿಡಿದು ಆಕ್ಸಿಲರೇಟರಿನಲ್ಲೇ ಕೋನ ಕಾಯ್ದುಕೊಳ್ಳಬೇಕು. ನಮ್ಮ ತರುಣರ ಕೈಲಿರುವುದು ಸ್ವಿಫ್ಟ್, ಪೋಲೊ, ಐ20. ಎಲ್ಲವೂ ಮುಂದಿನ ಚಕ್ರ ಎಳೆಯುವ ಗಾಡಿಗಳು. ಹ್ಯಾಂಡ್‌ಬ್ರೇಕ್ ಎಳೆದು ಅವರು ಮಾಡುತ್ತಿರುವುದು ಡ್ರಿಫ್ಟಲ್ಲ, ಜಾರಿ ನಿಲ್ಲುವುದು. ಟಾಂಗಾದ ಕಥೆಯೂ ಅದೇ: ಎಳೆಯುವುದು ಮುಂದೆ, ಹಿಂದಿರುವುದು ಬರೀ ಹೊರೆ. ಸ್ವಿಫ್ಟಿಗೂ ಟಾಂಗಾಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಟಾಂಗಾದಲ್ಲಿ ಯೋಚನೆ ಮಾಡುವ ಭಾಗವೊಂದಿದೆ.

ಹ್ಯಾಂಡ್‌ಬ್ರೇಕಿಗೆ ಬದಲು ಲಗಾಮು ಎಳೆಯೋಣ ಅನ್ನುವವರಿದ್ದಾರೆ. ಲಗಾಮು ಎಳೆದರೆ ನಿಲ್ಲುವುದು ಕುದುರೆ, ಚಕ್ರವಲ್ಲ. ಚಕ್ರ ತನ್ನ ಪಾಡಿಗೆ ಉರುಳುತ್ತಾ ಗಾಡಿಯನ್ನು ಕುದುರೆಯ ಹಿಂಗಾಲ ಮೇಲೆ ತಂದು ಹಾಕುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನ ಹಿಂದಿನ ಟೈರುಗಳ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟು ಜಾರಿಸುವ ಉಪಾಯವೂ ಉಂಟು. ಅದು ಫಲಿಸುವುದು ಟೈರು ಬ್ರೇಕಿನಲ್ಲಿ ಬಿಗಿದಿದ್ದರೆ ಮಾತ್ರ. ಬ್ರೇಕಿಲ್ಲದ ಟಾಂಗಾ ತಟ್ಟೆಯನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಹಾಗಾದರೆ ಚಕ್ರದ ಕಡ್ಡಿಗಳ ನಡುವೆ ದೊಣ್ಣೆ ತೂರಿಸಿದರೆ? ದೊಣ್ಣೆ ಮುರಿಯದಿದ್ದರೆ ಕಡ್ಡಿ ಮುರಿಯುತ್ತದೆ. ಮರದ ಚಕ್ರ ಮೇಲಿನ ಭಾರ ಹೊರಲು ಮಾಡಿದ್ದು. ಪಕ್ಕದಿಂದ ಜೋರಾಗಿ ತಳ್ಳಿದರೆ ಕಡ್ಡಿಗಳು ಚಕ್ರದ ನಡುವಿನ ಗುಂಬದ ಬುಡದಲ್ಲಿ ಸಡಿಲಗೊಳ್ಳುತ್ತವೆ. ಅಷ್ಟರೊಳಗೆ ಚಕ್ರ ಕಳಚದಂತೆ ತಡೆಯುವ ಕಡಾಣಿ ಹಾರಿದರೆ ಚಕ್ರ ಅಗ್ರಹಾರದ ಕಡೆ, ಸವಾರ ಆಸ್ಪತ್ರೆ ಕಡೆ. ಕೀಲೆಣ್ಣೆ ಜಾಸ್ತಿ ಹಚ್ಚಿದರೆ ಜಾರೀತೇ ಎಂಬ ಪ್ರಶ್ನೆಗೆ ಉತ್ತರ: ಅಚ್ಚಿನ ಮೇಲೆ ಚಕ್ರ ಇನ್ನಷ್ಟು ಸಲೀಸಾಗಿ ಉರುಳುತ್ತದೆ, ಅಂದರೆ ಜಾರುವ ಸಾಧ್ಯತೆ ಇನ್ನೂ ಕಡಿಮೆ.

ನಿಜವಾದ ತೊಡಕು ಇರುವುದು ಕೋನದಲ್ಲಿ. ಕಾರಿನ ಮುಂಚಕ್ರ ಒಂದು ಕಡೆ, ದೇಹ ಇನ್ನೊಂದು ಕಡೆ ನೋಡಬಲ್ಲದು. ಟಾಂಗಾದಿಂದ ಮುಂದಕ್ಕೆ ಚಾಚಿದ ಎರಡು ಮರಗಳು, ಅಂದರೆ ಮೂಕಿಗಳು, ಕುದುರೆಯನ್ನು ಎರಡೂ ಮಗ್ಗುಲಲ್ಲಿ ತಬ್ಬಿಕೊಂಡಿರುತ್ತವೆ. ಗಾಡಿ ನಲವತ್ತು ಡಿಗ್ರಿ ಅಡ್ಡ ಬಂದರೆ ಕುದುರೆಯೂ ನಲವತ್ತು ಡಿಗ್ರಿ ಅಡ್ಡ ಬರಲೇಬೇಕು. ಅದರ ನಾಲ್ಕು ಲಾಳವೂ ಒಟ್ಟಿಗೆ ಜಾರಬೇಕು, ಜಾರಿದ ಮೇಲೂ ಅದು ನಿಂತೇ ಇರಬೇಕು. ವಿರುದ್ಧ ಸ್ಟೇರಿಂಗಿಗೆ ಕುದುರೆಯ ಮುಖವನ್ನು ಹೊರಕ್ಕೆ ಎಳೆದರೆ ಅದು ಮರ್ಯಾದೆಯಾಗಿ ಹೊರಕ್ಕೇ ಹೋಗುತ್ತದೆ, ನೇರ ಬಾಳೆಹಣ್ಣಿನ ತಳ್ಳುಗಾಡಿಯ ಹತ್ತಿರ. ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ನಾಲ್ಕು ಚಕ್ರದ ಸಾರೋಟು ಇದಕ್ಕಿಂತ ವಾಸಿ ಅನ್ನಿಸಬಹುದು, ಅದರ ಮುಂದಿನ ಅಚ್ಚು ತಿರುಗುತ್ತದಲ್ಲ! ಅಚ್ಚು ಪೂರ್ತಿ ತಿರುಗಿದಾಗ ಮುಂಭಾಗಕ್ಕೆ ಪಕ್ಕದ ಆಸರೆ ತಪ್ಪಿ ಗಾಡಿ ವಾಲುತ್ತದೆ. ಮಿಕ್ಕದ್ದು ಹೇಳಬೇಕಾಗಿಲ್ಲ.

ಸರಿ, ಹೇಗೋ ಅಡ್ಡ ತಳ್ಳಿದಿರಿ ಅನ್ನೋಣ. ಜಾರುವುದು ಮೊದಲೋ ಮಗುಚುವುದು ಮೊದಲೋ? ಲೆಕ್ಕ ಸುಲಭ. ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿ. ಅಗಲ ನಾಲ್ಕು ಅಡಿ, ಜನ ಕೂತಾಗಿನ ಎತ್ತರವೂ ನಾಲ್ಕು ಅಡಿ ಎಂದಿಟ್ಟುಕೊಂಡರೆ ಉತ್ತರ 0.5. ಚಕ್ರಕ್ಕೆ ರಬ್ಬರು ಸುತ್ತಿದ್ದರೆ ಒಣ ಡಾಂಬರಿನ ಮೇಲೆ ಅದರ ಹಿಡಿತ ಸುಮಾರು 0.7. ಹಿಡಿತದ ಅಂಕಿ ದೊಡ್ಡದಾದರೆ ಗಾಡಿ ಜಾರುವ ಮೊದಲೇ ಮಗುಚುತ್ತದೆ. ಕಬ್ಬಿಣದ ಪಟ್ಟಿಯ ಚಕ್ರ, ಮಳೆಗಾಲ, ನುಣ್ಣನೆ ರಸ್ತೆ ಮೂರೂ ಕೂಡಿಬಂದರೆ ಜಾರೀತು. ಆದರೆ ಅದೇ ರಸ್ತೆಯಲ್ಲಿ ಕುದುರೆಯ ಲಾಳವೂ ಕಬ್ಬಿಣದ್ದೇ. ಕಾರಿನಲ್ಲಿ ಭಾರವನ್ನು ಎಡಬಲಕ್ಕೆ ತೂಗಿ ಹಿಂಭಾಗ ಹೊರಕ್ಕೆಸೆಯುವ ವಿದ್ಯೆಯನ್ನು ಇಲ್ಲಿ ಪ್ರಯಾಣಿಕರ ಮೇಲೆ ಪ್ರಯೋಗಿಸಬೇಡಿ. ನಾಲ್ವರು ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನೇ ಎತ್ತಲು ನೋಡುತ್ತದೆ. “ಸ್ವಾಮಿ, ಸ್ವಲ್ಪ ಮುಂದಕ್ಕೆ ಬನ್ನಿ, ಹಿಂಭಾರ ಆಯ್ತು” ಎಂದು ಟಾಂಗಾದವರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ರೀಲ್ಸಿಗೆ ಹೊಗೆ ಬೇಕಲ್ಲ, ಅದೂ ಇಲ್ಲ. ಕಬ್ಬಿಣ ಡಾಂಬರಿಗೆ ಉಜ್ಜಿದರೆ ಕಿಡಿ ಬಂದೀತು, ಹೊಗೆ ಬರದು. ಲದ್ದಿಯ ಮೇಲೆ ಜಾರಿಸೋಣವೆಂಬ ದೇಸಿ ಯೋಜನೆಯೂ ನಡೆಯದು. ಲದ್ದಿ ಬೀಳುವುದು ಎರಡು ಮೂಕಿಗಳ ನಡುವೆ, ಚಕ್ರ ಉರುಳುವುದು ಅದರ ಎರಡೂ ಬದಿಯಲ್ಲಿ. ಶಕ್ತಿಗೇನೂ ಕೊರತೆಯಿಲ್ಲ: ಕುದುರೆ ಕೆಲವು ಕ್ಷಣಕ್ಕೆ ಸುಮಾರು 15 ಎಚ್‌ಪಿ ಕೊಡಬಲ್ಲದು, ಬಿಡುವಿಲ್ಲದ ದುಡಿಮೆಯಲ್ಲಿ ಒಂದರ ಆಸುಪಾಸು. ಆ ಕೆಲವು ಕ್ಷಣಗಳನ್ನು ಅದು ನಿಮ್ಮ ವಿಡಿಯೋಗಿಂತ ಕಾಲಿಗೆ ಬುದ್ಧಿ ಹೇಳಲು ಬಳಸುವ ಸಂಭವವೇ ಹೆಚ್ಚು.

ಮಂಡ್ಯದ ಹೈಕಳು ಮಾತ್ರ “ಕುದುರೆ ಯಾಕ್ಲಾ, ಹಳ್ಳಿಕಾರ್ ಜೋಡಿ ಕಟ್ಟು” ಅನ್ನುತ್ತಾರೆ. ಅವರಿಗೆ ಎತ್ತಿನ ಗಾಡಿ ಓಟದ ಅನುಭವವಿದೆ, ಆದರೆ ಆ ಓಟ ನೇರಕ್ಕೆ ಓಡುವುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಜಾಗ ಸಿಕ್ಕೀತೆಂದರೆ ಅದೂ ಇಲ್ಲ: 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶ ನಿಷೇಧ.

ಕಾನೂನಿನ ಸಂದು ಸಿಕ್ಕಿತೆಂದು ಕುಣಿಯುವವರು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮನ್ನು ಓದಿಕೊಳ್ಳಲಿ. ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ‘ಯಾವುದೇ ವಾಹನ’ ಓಡಿಸಿದರೂ ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಮೋಟಾರು ಕೇಳುವುದಿಲ್ಲ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯಲು ಮಾಡಿದ 1965ರ ನಿಯಮಗಳ ಪ್ರಕಾರ ಗಾಡಿಯಲ್ಲಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ, ಆದ್ದರಿಂದ ಕ್ಯಾಮೆರಾ ಹಿಡಿಯುವ ಗೆಳೆಯರ ದಂಡು ಹಿಂದೆ ಓಡಿಕೊಂಡೇ ಬರಬೇಕು. ಕುದುರೆಯನ್ನು ಹಿಂಸಿಸಿದ್ದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಬರೆದಿಟ್ಟಿರುವ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗಿಂತ ಅಗ್ಗ ಎಂದು ಈಗಾಗಲೇ ಒಬ್ಬ ಲೆಕ್ಕ ಹಾಕಿದ್ದಾನೆ. ಅವನು 35ನೇ ಕಲಮಿನವರೆಗೆ ಓದಿಲ್ಲ. ಜಪ್ತಿಯಾದ ಕಾರು ಠಾಣೆಯ ಅಂಗಳದಲ್ಲಿ ಧೂಳು ತಿಂದುಕೊಂಡು ಬಿದ್ದಿರುತ್ತದೆ. ಮ್ಯಾಜಿಸ್ಟ್ರೇಟರು ಆರೈಕೆಗೆ ಕಳಿಸಿದ ಕುದುರೆ ಮಾತ್ರ ಹುಲ್ಲು, ಹುರುಳಿ, ಔಷಧಿ ಎಲ್ಲ ತಿನ್ನುತ್ತದೆ, ಮತ್ತು ಅದರ ಬಿಲ್ಲು ಬರುವುದು ಮಾಲೀಕನ ಹೆಸರಿಗೆ.